ಪದಚರ್ಚೆ: ‘ರಜೆಯಲ್ಲಿ ದುಡಿದವರಿಗೆ ರಜೆ’ – ಶಾಲೆ ಮುಚ್ಚಿದ ದಿನಗಳಿಗೆ ಬೇರೆ ಪದ ಬೇಕು

ಹುಕ್ಕೇರಿಯಿಂದ, ಬೆಳಗ್ಗೆ 10.20

ಎಲ್ಲರಿಗೂ ನಮಸ್ಕಾರ. ಒಂದು ಪದ ಇಂದೇ ಬೇಕಾಗಿದೆ.

ರವಿವಾರ ಗುರುಭವನದಲ್ಲಿ ನಮ್ಮ ತಾಲ್ಲೂಕಿನ ಶಿಕ್ಷಕರ ಸಂಘದ ಸಭೆ ಇದೆ. ಫ್ಲೆಕ್ಸ್‌ನ ಬರಹ ಸಂಜೆ ಆರರೊಳಗೆ ಅಂಗಡಿಗೆ ಮುಟ್ಟಬೇಕು, ಸುದ್ದಿಪತ್ರ ನಾಳೆ ಮುದ್ರಣಕ್ಕೆ ಹೋಗುತ್ತದೆ. ಮುಖ್ಯ ಬೇಡಿಕೆ ಒಂದೇ. ಬೇಸಿಗೆಯಲ್ಲಿ, ದಸರೆಯಲ್ಲಿ ಶಾಲೆ ಮುಚ್ಚಿದ್ದಾಗ ನಮ್ಮನ್ನು ತರಬೇತಿಗೋ ಸಮೀಕ್ಷೆಗೋ ಕರೆಸಿಕೊಂಡರೆ, ಆ ದಿನಗಳಿಗೆ ತಕ್ಕಷ್ಟು ಗಳಿಕೆ ರಜೆಯನ್ನು (ಮಾಡಿದ ಸೇವೆಗೆ ಪ್ರತಿಯಾಗಿ ಲೆಕ್ಕಕ್ಕೆ ಸೇರುವ ವೇತನಸಹಿತ ರಜೆ) ಸೇವಾ ಪುಸ್ತಕದಲ್ಲಿ ಜಮಾ ಮಾಡಬೇಕು. ಹೊಸದೇನನ್ನೂ ಬೇಡುತ್ತಿಲ್ಲ, ಸರ್ಕಾರಿ ನೌಕರರ ಸೇವಾ ನಿಯಮಗಳಾದ ಕೆ.ಸಿ.ಎಸ್.ಆರ್.ನಲ್ಲಿ ಇರುವುದನ್ನೇ ಕೇಳುತ್ತಿದ್ದೇವೆ. ಉಳಿದ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ಶಾಲೆ ಮುಚ್ಚುವ ದಿನಗಳಿವೆ ಎಂಬ ಕಾರಣಕ್ಕೆ ನಮಗೆ 10. ಆ ದಿನಗಳೂ ಕೈತಪ್ಪಿದರೆ ಎರಡೂ ಕಡೆ ನಷ್ಟ.

ನಾನು ಬರೆದ ಸಾಲು ಹೀಗಿದೆ: ‘ರಜೆಯಲ್ಲಿ ದುಡಿದವರಿಗೆ ರಜೆ ಕೊಡಿ’. ಅಂಗಡಿಯ ಹುಡುಗ ಓದಿ, ‘ಸರ್, ರಜೆ ಎರಡು ಸಲ ಬಂದಿದೆ, ಒಂದನ್ನು ತೆಗೆಯಲೇ?’ ಎಂದು ಕೇಳಿದ.

ಮನೆಯಲ್ಲಿ ನಾವು ಶಾಲೆ ಮುಚ್ಚಿದ್ದಕ್ಕೆ ಸೂಟಿ ಎನ್ನುತ್ತೇವೆ, ಅರ್ಜಿ ಬರೆದು ಪಡೆಯುವುದಕ್ಕೆ ರಜೆ ಎನ್ನುತ್ತೇವೆ. ಬರೆಯಲು ಕುಳಿತರೆ ಎರಡೂ ರಜೆಯೇ ಆಗುತ್ತವೆ. ಇದು ಬರೀ ಮಾತಿನ ತೊಡಕಲ್ಲ. 2025ರ ದಸರೆಯನ್ನು ನೆನಪಿಸಿಕೊಳ್ಳಿ. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಆರಂಭವಾಯಿತು. ಹೇಳಿದ ದಿನಕ್ಕೆ ಮುಗಿಯಲಿಲ್ಲ. ಶಾಲೆಗಳನ್ನು ಅಕ್ಟೋಬರ್ 18ರವರೆಗೆ ಮುಚ್ಚಿದರು. ಸುದ್ದಿಯಾದದ್ದು ‘ದಸರಾ ರಜೆ ವಿಸ್ತರಣೆ’ ಎಂದು. ಅದೇ ವಾರ ನಾನು ಒಂದು ಮನೆಯ ಬಾಗಿಲಲ್ಲಿ ಮೊಬೈಲ್ ಹಿಡಿದು, ಗೋಡೆಗೆ ಅಂಟಿಸಿದ ಚೀಟಿಯ ಸಂಖ್ಯೆಯನ್ನು ಮೂರನೆಯ ಸಲ ಒತ್ತುತ್ತಾ ನಿಂತಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು, ‘ಮಾಸ್ತರರೇ, ಮತ್ತೆ ಹತ್ತು ದಿನ ರಜೆಯಂತೆ, ಪುಣ್ಯವಂತರು ನೀವು’ ಎಂದರು. ಅವರನ್ನು ಹೇಗೆ ದೂರಲಿ? ಓದಿದ ಪದವನ್ನೇ ಅವರು ನಂಬಿದ್ದರು.

ಪ್ರಶ್ನೆ ಎರಡು. ಶಾಲೆ ಮುಚ್ಚಿದ ದಿನಗಳಿಗೆ ‘ಸೂಟಿ’ ಎಂದು ಅಚ್ಚು ಹಾಕಬಹುದೇ? ಸುದ್ದಿಪತ್ರದ ಮೂರನೆಯ ಪುಟಕ್ಕೆ ‘ವೃತ್ತಿಪರ ಕಲಿಕೆ’ ಎಂಬ ತಲೆಬರಹ ಇದೆ, ಅದನ್ನು ‘ತರಬೇತಿ’ ಎಂದು ಬದಲಿಸಿದರೆ ಅರ್ಥ ಕೆಡುತ್ತದೆಯೇ?

ಬೆಳಗಾವಿಯಿಂದ, 10.55

ಸೂಟಿ ಬೇಡ. ಅದು ಮರಾಠಿ. ‘ಬಿಡುವು’ ಎಂದು ಬರೆಯಿರಿ.

ಬಿಡು ಧಾತು ನಮ್ಮದು. ಸಂಜೆ ಗಂಟೆ ಹೊಡೆದಾಗ ‘ಶಾಲೆ ಬಿಟ್ಟಿತು’ ಎನ್ನುವ ಮಕ್ಕಳ ಬಾಯಲ್ಲೇ ಅದು ಇದೆ. ತಮಿಳರು ಇದೇ ಧಾತುವಿನಿಂದ ಎರಡು ಪದ ಮಾಡಿಕೊಂಡಿದ್ದಾರೆ. ಎಲ್ಲರಿಗೂ ಇರುವುದು ವಿಡುಮುರೈ, ಒಬ್ಬರು ಕೇಳಿ ಪಡೆಯುವುದು ವಿಡುಪ್ಪು. ಶಾಲೆಗೆ ಬಿಡುವು, ನೌಕರರಿಗೆ ಬಿಡುಪು ಎಂದು ನಾವೂ ಇಟ್ಟುಕೊಳ್ಳಬಹುದು. ಈ ಊರಿನಲ್ಲಿ ಒಂದು ಕನ್ನಡ ಫಲಕ ಏರಿಸಲು ಎಷ್ಟು ಬೆವರು ಸುರಿದಿದೆ ಎಂಬುದು ನಿಮಗೆ ಗೊತ್ತಿದೆ. ಶಿಕ್ಷಕರೇ ಮರಾಠಿ ಪದವನ್ನು ಫ್ಲೆಕ್ಸ್‌ಗೆ ಏರಿಸಿದರೆ ಯಾರಿಗೆ ಏನು ಹೇಳುವುದು?

ವಿಜಯಪುರದಿಂದ, 11.40

ಬಿಡುಪು ಎಂಬ ಪದ ಬಳಕೆಯಲ್ಲಿಲ್ಲ. ಬಿಡುವು ಇದೆ, ಆದರೆ ಅದಕ್ಕೆ ಕೈಯಲ್ಲಿ ಕೆಲಸವಿಲ್ಲದ ಹೊತ್ತು ಎಂದರ್ಥ. ‘ಬಿಡುವಿನಲ್ಲಿ ದುಡಿದವರು’ ಎಂದರೆ ಪುರುಸೊತ್ತು ಸಿಕ್ಕಾಗ ಅಷ್ಟಿಷ್ಟು ಮಾಡಿದವರು ಎಂದಾಗುತ್ತದೆ. ಹುಕ್ಕೇರಿಯ ಗುರುಗಳ ಬೇಡಿಕೆಯೇ ಕೆಡುತ್ತದೆ.

ಇನ್ನು ರಜೆಯ ಮೂಲ. ಇದನ್ನು ಇಲ್ಲಿ ಮೊದಲೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ. ಅರಬ್ಬಿಯ ರಿಜಾ ಎಂದರೆ ಸಮ್ಮತಿ. ಫಾರ್ಸಿ, ದಖ್ಖನಿ, ಮರಾಠಿಗಳನ್ನು ಹಾಯ್ದು ರಜಾ ಆಗಿ ನಮ್ಮಲ್ಲಿಗೆ ಬಂತು. ರಾಜಿ, ರಾಜೀನಾಮೆ ಇವೆರಡೂ ಅದರ ಒಡಹುಟ್ಟುಗಳು. ರಾಜಿ ಎಂದರೆ ಒಪ್ಪಿದವನು, ರಾಜೀನಾಮೆ ಎಂದರೆ ಒಪ್ಪಿಗೆಯ ಪತ್ರ. ಮರಾಠಿಯಲ್ಲಿ ಇವತ್ತಿಗೂ ರಜಾ ಎಂದರೆ ನೌಕರ ಕೇಳಿ ಪಡೆಯುವ ರಜೆ, ಶಾಲೆ ಮುಚ್ಚಿದರೆ ಸುಟ್ಟಿ. ತೆಲುಗಿನವರ ಸೆಲವು ಕೂಡ ಅಪ್ಪಣೆಯೇ. ಆದ್ದರಿಂದ ಬಾಗಿಲಿಗೆ ಬೀಗ ಬಿದ್ದ ಶಾಲೆಗೆ ರಜೆ ಎನ್ನುವುದೇ ಮೊದಲ ತಪ್ಪು. ಶಾಲೆ ಯಾರ ಒಪ್ಪಿಗೆ ಕೇಳಿತು? ನಮ್ಮ ಕಡೆಯ ಜನ ಈ ಭೇದವನ್ನು ಬಾಯಲ್ಲಿ ಉಳಿಸಿಕೊಂಡಿದ್ದಾರೆ, ಪಠ್ಯಪುಸ್ತಕದ ಕನ್ನಡ ಅದನ್ನು ಅಳಿಸಿದೆ.

ಇದೇ ಕಾರಣಕ್ಕೆ, ಸುದ್ದಿಪತ್ರದಲ್ಲಿ ‘ರಜಾ ಹಕ್ಕು’ ಎಂದು ಬರೆಯುವ ಯೋಚನೆ ಇದ್ದರೆ ಬಿಡಿ. ಸಮ್ಮತಿಯ ಮೇಲೆ ಹಕ್ಕು ಸ್ಥಾಪಿಸಲು ಬರುವುದಿಲ್ಲ. ಕೆ.ಸಿ.ಎಸ್.ಆರ್. ಕೂಡ ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದೇ ಹೇಳುತ್ತದೆ.

ಬೈಲಹೊಂಗಲದಿಂದ, 12.05

ರಜೆ ಸಂಸ್ಕೃತದ ರಜಸ್ಸಿನಿಂದ ಬಂದದ್ದಲ್ಲವೇ? ರಜಸ್ವಲೆಯರು ಮೂರು ದಿನ ಕೆಲಸದಿಂದ ದೂರ ಇರುತ್ತಿದ್ದರು. ಅದರಿಂದಲೇ ಕೆಲಸ ಬಿಡುವುದಕ್ಕೆ ರಜೆ ಎಂದಾಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ವಿಜಯಪುರದಿಂದ, 12.08

ಅಲ್ಲ.

ಜಮಖಂಡಿಯಿಂದ, ಮಧ್ಯಾಹ್ನ 1.35

ಬೈಲಹೊಂಗಲದ ಸರ್, ಮುಟ್ಟಾದ ಹೆಂಗಸರು ಆ ಮೂರು ದಿನ ಹಿತ್ತಲಲ್ಲಿ ಕುಳಿತು ಗೋಧಿ ಹಸನು ಮಾಡುತ್ತಿದ್ದರು, ಕೌದಿ ಹೊಲಿಯುತ್ತಿದ್ದರು. ನನ್ನ ಅಜ್ಜಿಯನ್ನು ಕಣ್ಣಾರೆ ನೋಡಿದ್ದೇನೆ. ಅದು ಕೆಲಸದಿಂದ ದೂರ ಇದ್ದದ್ದಲ್ಲ. ಇಂಥ ಮೂಲವನ್ನು ದಯವಿಟ್ಟು ಹರಡಬೇಡಿ.

ಮಾತು ಬಂದದ್ದರಿಂದ ಹೇಳುತ್ತೇನೆ. 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತಿಂಗಳಿಗೊಂದು ದಿನದ ವೇತನಸಹಿತ ರಜೆಗೆ ಒಪ್ಪಿತು. ಕಾಗದದಲ್ಲಿ ಅದರ ಹೆಸರು ‘ಋತುಚಕ್ರ ರಜೆ’. ನಮ್ಮ ಸಂಘದ ಸುದ್ದಿಪತ್ರದಲ್ಲಿ ನಾನು ‘ಮುಟ್ಟಿನ ರಜೆ’ ಎಂದು ಬರೆದು ಕೊಟ್ಟೆ. ತಿದ್ದುವವರು ಋತುಚಕ್ರ ಎಂದು ಮಾಡಿದರು, ಮುಟ್ಟು ಎಂಬುದು ಅಚ್ಚಿಗೆ ಚೆನ್ನಾಗಿರುವುದಿಲ್ಲವಂತೆ. ವಿಜ್ಞಾನದ ಪಾಠದಲ್ಲಿ ಋತುಚಕ್ರ ಇರಲಿ. ಐದನೆಯ ತರಗತಿಯ ಹುಡುಗಿ ಹೊಟ್ಟೆ ಹಿಡಿದುಕೊಂಡು ಬಂದು ನನ್ನ ಕಿವಿಯಲ್ಲಿ ಹೇಳುವ ಪದ ಬೇರೆ, ಆ ಪದಕ್ಕೆ ಅಚ್ಚಿನಲ್ಲಿ ಜಾಗ ಸಿಗಲೇಬೇಕು.

ವಿಜಯಪುರದ ಗುರುಗಳಿಗೆ: ಹೆರಿಗೆ ರಜೆ 180 ದಿನ ಇದೆ. ಅದು ಯಾರ ಸಮ್ಮತಿಗೂ ಕಾಯುವುದಿಲ್ಲ, ಕೂಸು ಕಾಯಲು ಬಿಡುವುದಿಲ್ಲ. ಪದದ ಬೇರು ಅರಬ್ಬಿಯಲ್ಲಿ ಏನೇ ಇರಲಿ, ಇಲ್ಲಿ ನಾವು ಹೋರಾಡಿ ಅದಕ್ಕೆ ಬೇರೆ ಅರ್ಥ ಕೂಡಿಸಿದ್ದೇವೆ. ‘ರಜಾ ಹಕ್ಕು’ ಎಂದು ಧಾರಾಳವಾಗಿ ಬರೆಯಲಿ.

ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ತರಬೇತಿಯೂ ಅರಬ್ಬಿಯದೇ. ತರಬಿಯತ್ ಎಂದರೆ ಸಾಕಿ ಬೆಳೆಸುವುದು, ತಿದ್ದಿ ತೀಡುವುದು. ತರಬೇತಿಯನ್ನು ಇನ್ನೊಬ್ಬರು ಕೊಡಬೇಕು, ಕಲಿಕೆ ನಮ್ಮಿಂದ ಆಗಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ಬೆಳವಣಿಗೆಗೆ ಕೊಡಬೇಕು ಎನ್ನುತ್ತದೆ, ಯಾವ ವಿಷಯ ಎಂಬುದನ್ನು ಶಿಕ್ಷಕರ ಆಸಕ್ತಿಗೆ ಬಿಡುತ್ತದೆ. ಅದು ಕಲಿಕೆ. ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಕರೆಸಿ, ಸಹಿ ಹಾಕಿಸಿಕೊಂಡು, ಪರದೆಯ ಮೇಲೆ ಬಂದದ್ದನ್ನು ಓದಿ ಹೇಳಿ ಕಳಿಸುವುದು ತರಬೇತಿ. ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ತಾಣದಲ್ಲಿ ರಾತ್ರಿ ಅಡುಗೆ ಮುಗಿಸಿ ನಾವೇ ನೋಡಿ ಮುಗಿಸಿದ ಪಾಠಗಳನ್ನು ಏನೆಂದು ಕರೆಯುತ್ತೀರಿ? ಎರಡು ಪದಗಳನ್ನೂ ಇಡಿ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬೇಡಿ. ‘ವೃತ್ತಿಪರ’ ಮಾತ್ರ ಬೇಕಿಲ್ಲ. ‘ಶಿಕ್ಷಕರ ಕಲಿಕೆ’ ಸಾಕು.

ಹುಕ್ಕೇರಿಯಿಂದ, 2.40

ಜಮಖಂಡಿಯ ಅಕ್ಕೋರಿಗೆ ಶರಣು. ಮೂರನೆಯ ಪುಟದ ತಲೆಬರಹ ‘ಶಿಕ್ಷಕರ ಕಲಿಕೆ’ ಎಂದಾಯಿತು. ನಾಲ್ಕನೆಯ ಪುಟದ ಸುದ್ದಿಯಲ್ಲಿ ‘ಮುಟ್ಟಿನ ರಜೆ’ ಎಂದು ನಾನೂ ತಿದ್ದಿದ್ದೇನೆ, ಆದೇಶದ ಹೆಸರು ಒಂದು ಸಲ ಕೆಳಗೆ ಬರುತ್ತದೆ.

ಫ್ಲೆಕ್ಸ್ ಬಾಕಿ ಇದೆ. ಬೆಳಗಾವಿಯ ಸರ್, ನಿಮ್ಮ ನೋವು ನನಗೆ ತಿಳಿಯುತ್ತದೆ. ಆದರೆ ಸೂಟಿಗೆ ಬದಲು ಓದಿದ ಕೂಡಲೇ ತಿಳಿಯುವ ಪದ ಕೊಡಿ.

ಬೆಳಗಾವಿಯಿಂದ, 3.10

ಕೊಟ್ಟೆ, ಒಪ್ಪಲಿಲ್ಲ. ‘ಶಾಲಾ ವಿರಾಮ’ ಎನ್ನಿ ಹಾಗಾದರೆ.

ಮುಧೋಳದಿಂದ, 3.25

ವಿರಾಮ ಸಂಸ್ಕೃತ. ಮರಾಠಿಗೆ ಬಾಗಿಲು ಹಾಕಿ ಸಂಸ್ಕೃತಕ್ಕೆ ಮಣೆ ಹಾಕುವುದು ಕನ್ನಡದ ಮೇಲಿನ ಅಭಿಮಾನವೇ? ಅದೂ ಅಲ್ಲದೆ ಶಾಲೆಯಲ್ಲಿ ವಿರಾಮ ಎಂದರೆ ಮಕ್ಕಳು ನೀರು ಕುಡಿಯಲು ಹೋಗುವ ಹತ್ತು ನಿಮಿಷ.

ನಮ್ಮ ಕಸುಬಿನ ಪದಗಳನ್ನೇ ನೋಡಿ. ಅರ್ಜಿ, ಮಂಜೂರು, ಹಾಜರಿ, ಹಕ್ಕು ಎಲ್ಲವೂ ಅರಬ್ಬಿಯಿಂದ ಬಂದವು. ಸವಲತ್ತು ಕೂಡ ಅಲ್ಲಿಯದೇ. ಪಗಾರ ಪೋರ್ಚುಗೀಸರದು. ಆದಿಲಶಾಹಿಯಿಂದ ಹಿಡಿದು 1956ರವರೆಗಿನ ಮುಂಬಯಿ ಸರ್ಕಾರದವರೆಗೆ ನಮ್ಮ ನೆಲ ಯಾರ ಯಾರ ದಫ್ತರದಲ್ಲಿತ್ತೋ ಅವರೆಲ್ಲರ ಪದಗಳು ಇಲ್ಲಿ ಉಳಿದಿವೆ. ಮರಾಠಿಯೂ ನಮ್ಮಿಂದ ಪಡೆದಿದೆ. ಅವರ ಮನೆಯ ಅಣ್ಣ, ಅಕ್ಕ, ಅಡಕೆ ಕತ್ತರಿಸುವ ಅಡಕಿತ್ತಾ ಯಾರ ಪದಗಳು? ಸಂತೆಯಲ್ಲಿ ನಾವು ದಿನವೂ ಆಡುವ ‘ತುಟ್ಟಿ’ ಇವತ್ತು ತುಟ್ಟಿಭತ್ಯೆಯಾಗಿ ಬೆಂಗಳೂರಿನ ಆದೇಶದಲ್ಲಿ ಕುಳಿತಿದೆ. ತುಟ್ಟಿ ಹೋಗಬಹುದಾದ ಕಡೆಗೆ ಸೂಟಿ ಏಕೆ ಹೋಗಬಾರದು?

ಬೆಳಗಾವಿಯಿಂದ, 3.40

ತುಟ್ಟಿಯನ್ನು ಮುಂದಿಟ್ಟುಕೊಂಡು ಯಾರೂ ಗಡಿ ಕೇಳಲಿಲ್ಲ. ಮುಧೋಳದಲ್ಲಿ ಕುಳಿತು ಬರೆಯುವುದು ಸುಲಭ. ನಾನು ಪಾಠ ಮಾಡುವ ಓಣಿಯಲ್ಲಿ ಕನ್ನಡ ಶಾಲೆಗೆ ಪ್ರತಿ ಜೂನ್‌ನಲ್ಲಿ ಮಕ್ಕಳನ್ನು ಮನೆಮನೆಗೆ ಹೋಗಿ ಕರೆತರಬೇಕು. ಅಲ್ಲಿ ಒಂದೊಂದು ಪದವೂ ಲೆಕ್ಕಕ್ಕೆ ಬರುತ್ತದೆ.

ವಿಜಯಪುರದಿಂದ, 4.05

ಗಡಿಯ ಮಾತು ಇಲ್ಲಿ ಬೇಡ. ತಮಿಳಿನ ವಿಡು, ಮರಾಠಿಯ ಸುಟಣೇ, ಹಿಂದಿಯ ಛೂಟನಾ ಮೂರರ ಭಾವವೂ ಕಟ್ಟು ಬಿಚ್ಚುವುದೇ. ಬೆಳಗಾವಿಯವರು ಬಯಸುವ ಅರ್ಥ ಸೂಟಿಯಲ್ಲೇ ಇದೆ. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಬೈಲಹೊಂಗಲದಿಂದ, 4.20

ಅಕ್ಕೋರೇ, ತಪ್ಪಾಯಿತು. ಹಿರಿಯರು ಹೇಳಿದ್ದನ್ನು ವಿಚಾರಿಸದೆ ಬರೆದೆ. ನಮ್ಮ ಶಾಲೆಯ ಫಲಕದಲ್ಲಿ ನಾನು ಪ್ರತಿ ವರ್ಷ ‘ದೀಪಾವಳಿ ಸೂಟಿ’ ಎಂದೇ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತೇನೆ, ಪಾಲಕರು ಯಾರೂ ಅದೇನೆಂದು ಕೇಳಿಲ್ಲ.

ಹುಕ್ಕೇರಿಯಿಂದ, 5.35

ಈಗ ಅಂಗಡಿಯಲ್ಲೇ ನಿಂತು ಬರೆಯುತ್ತಿದ್ದೇನೆ. ಫ್ಲೆಕ್ಸ್‌ಗೆ ಹೋದ ಸಾಲು:

‘ಸೂಟಿಯಲ್ಲಿ ದುಡಿದ ದಿನಗಳಿಗೆ ಗಳಿಕೆ ರಜೆ ಕೊಡಿ’

ಬೆಳಗಾವಿಯ ಸರ್, ನಿಮಗೆ ಬೇಸರವಾಗುತ್ತದೆ ಎಂಬುದು ಗೊತ್ತು. ಆದರೂ ಆ ಕಟ್ಟೆಯ ಹಿರಿಯರು ಓದಿದರೆ ಯಾವುದು ಸೂಟಿ, ಯಾವುದು ರಜೆ, ನಾವು ಕೇಳುತ್ತಿರುವುದು ಯಾವುದು ಎಂಬುದು ಅವರಿಗೆ ಒಂದೇ ಓದಿಗೆ ತಿಳಿಯಬೇಕು. ನನಗೆ ಬೇರೆ ಅಳತೆಗೋಲು ಸಿಗಲಿಲ್ಲ. ಜೂನ್‌ನಲ್ಲಿ ನೀವು ಓಣಿ ತಿರುಗುವಾಗ ನಮ್ಮ ಸಂಘದಿಂದ ನಾಲ್ಕು ಜನ ಜೊತೆಗೆ ಬರುತ್ತೇವೆ, ದಿನ ತಿಳಿಸಿ.

ಹುಡುಗ ‘ಸೂಟಿ’ಯನ್ನು ‘ಸೂಟೀ’ ಎಂದು ಹೊಡೆದಿದ್ದಾನೆ, ತಿದ್ದಿಸಬೇಕು.