ಪುಟ್ಟಿ, ನಿನ್ನ ಸೀರೆ ಅಂಗಡಿ ಬಗ್ಗೆ

ಪುಟ್ಟಿ, ಬೆಳಿಗ್ಗೆ ಗ್ರೂಪ್‌ನಲ್ಲಿ ನೀನು ಹಾಕಿದ್ದನ್ನು ಈಗ ನೋಡಿದೆ. ಮೈಸೂರಿನಲ್ಲಿ ಹಳೆ ರೇಷ್ಮೆ ಸೀರೆ ಮಾರಿಕೊಡುವ ಅಂಗಡಿ ತೆರೆದು 8 ತಿಂಗಳಾಯಿತು, ಜನ ಒಂದು ಸಲ ಬಂದವರು ಮತ್ತೆ ಬರುವುದಿಲ್ಲ, ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ದುಡ್ಡು ಹಾಕಲಾ ಅಂತ ಕೇಳಿದ್ದೀಯ. ನಿನ್ನ ಮಾವ ಡಿಸ್ಕೌಂಟ್ ಹಾಕು ಅಂದಿದ್ದಾರೆ. ಈಗಲೇ ಎರಡೂ ಬೇಡ ಕಣೇ. ಬಸವನಗುಡಿಯಲ್ಲಿ 11 ವರ್ಷ ಇದೇ ಕೆಲಸ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಸೀರೆ ತಂದುಕೊಟ್ಟವರಿಗೆ ದುಡ್ಡು ಯಾವಾಗ ಕೊಡುತ್ತೀಯ? ಅವರು ಫೋನ್ ಮಾಡಿ ಕೇಳಿದ ಮೇಲಾ, ಅದಕ್ಕೂ ಮುಂಚೆನಾ? ನಮ್ಮ ವ್ಯಾಪಾರದಲ್ಲಿ ಬೀರು ತೆಗೆದು ಸೀರೆ ಕೊಡುವವರೇ ಮೊದಲ ಗಿರಾಕಿ. ಅವರಿಗೆ ನಂಬಿಕೆ ಹೋದರೆ ಒಳ್ಳೆ ಮಾಲು ಬರುವುದಿಲ್ಲ. ಅದೇ 40 ಸೀರೆ ಅಲ್ಲೇ ನೇತಾಡುತ್ತಿದ್ದರೆ, ಹೋದ ತಿಂಗಳು ನೋಡಿದ್ದನ್ನೇ ನೋಡಲು ಯಾರು ಬರುತ್ತಾರೆ, ಹೇಳು.

ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದು. ಎರಡನೇ ವರ್ಷ, ರಿಟೈರ್ ಆದ ಒಬ್ಬರು ಮೇಷ್ಟ್ರಮ್ಮ ತಮ್ಮ ತಾಯಿಯ ಎಲೆಹಸಿರು ಸೀರೆ ತಂದುಕೊಟ್ಟಿದ್ದರು. 6,000ಕ್ಕೆ ಹೋಯಿತು. ನನ್ನ ಕಮಿಷನ್ ಕಳೆದು ಅವರಿಗೆ 4,200 ಬರಬೇಕಿತ್ತು. ಅದನ್ನು ಅಂಗಡಿ ಬಾಡಿಗೆಗೆ ಹಾಕಿಬಿಟ್ಟೆ, ಆಮೇಲೆ ಕೊಟ್ಟರಾಯಿತು ಅಂತ. ಮೂರು ವಾರ ಆದ ಮೇಲೆ ಅವರೇ ಬಂದರು. ಬಾಯಿಬಿಟ್ಟು ಏನೂ ಕೇಳಲಿಲ್ಲ. ಸೀರೆ ಇದ್ದ ಹ್ಯಾಂಗರ್ ಕಡೆ ನೋಡಿದರು, ನನ್ನ ಮುಖ ನೋಡಿದರು, ಬರುತ್ತೇನೆ ಅಂತ ಹೊರಟರು. ಮಾರನೇ ದಿನ ಮನೆಗೇ ಹೋಗಿ ದುಡ್ಡು ಕೊಟ್ಟುಬಂದೆ. ಆದರೂ ಅವರು ಮತ್ತೆ ಅಂಗಡಿಗೆ ಬರಲಿಲ್ಲ. ಅವರ ತಂಗಿಯರೂ ಬರಲಿಲ್ಲ.

ಆಮೇಲಿಂದ ಮಾರಿದ ದಿನವೇ ಅವರ ಪಾಲನ್ನು ಬೇರೆ ಲಕೋಟೆಗೆ ಹಾಕುತ್ತಿದ್ದೆ, ಮೇಲೆ ಹೆಸರು ಬರೆದು. ತಿಂಗಳ 5ನೇ ತಾರೀಕು ನಾನೇ ಫೋನ್ ಮಾಡುತ್ತಿದ್ದೆ. ಸೀರೆ ತೆಗೆದುಕೊಳ್ಳುವಾಗಲೇ ಎರಡು ಚೀಟಿ ಬರೆ. ಬೆಲೆ ಎಷ್ಟು, ನಿನ್ನ ಪಾಲೆಷ್ಟು, ಎಷ್ಟು ದಿನ ಇಟ್ಟುಕೊಳ್ಳುತ್ತೀಯ, ಎಲ್ಲಿ ಕಲೆ ಇದೆ, ಎಲ್ಲಾ ಇರಲಿ. 90 ದಿನ ಸಾಕು. ಅವರನ್ನು ಕೇಳದೆ ಒಂದು ರೂಪಾಯಿ ಕೂಡ ಇಳಿಸಬೇಡ. ಡಿಸ್ಕೌಂಟ್ ಬೇಡ ಅಂದಿದ್ದು ಇದಕ್ಕೇ, ಆ ಸೀರೆ ನಿನ್ನದಲ್ಲ ಅಲ್ವಾ?

ಇನ್ನು ಕೊಳ್ಳುವವರು. ಹಳೆ ಸೀರೆ ಅಂದ ತಕ್ಷಣ ಮೊದಲು ಹುಡುಕುವುದೇ ಹುಳುಕು. ಅವರ ಕೈಗೆ ಸಿಗುವ ಮುಂಚೆ ನೀನೇ ತೋರಿಸಿಬಿಡು. ಪ್ರತಿ ಸೀರೆಯನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಆ ಗೆರೆಯಲ್ಲೇ ರೇಷ್ಮೆ ಸೀಳಿರುತ್ತದೆ. ಜರಿಗೆ ನುಸಿ ಗುಳಿಗೆ ತಾಗಿದ್ದರೆ ಕಪ್ಪಾಗಿರುತ್ತದೆ. ನಾನು ಆ ಮಡಿಕೆಯೊಳಗೇ ಚೀಟಿ ಇಡುತ್ತಿದ್ದೆ: "ಸೆರಗಿನಿಂದ ಒಂದು ಗೇಣು ಕೆಳಗೆ, ಎರಡು ಸೂಜಿತೂತು." ಅದನ್ನು ಓದಿದ ಹೆಂಗಸರು ಪಕ್ಕದ ಸೀರೆಯ ಬೆಲೆಯನ್ನೂ ಜಾಸ್ತಿ ಚೌಕಾಸಿ ಮಾಡುತ್ತಿರಲಿಲ್ಲ. ಉದ್ದವನ್ನೂ ಅಳೆದು ಬರೆ, ಎಷ್ಟೋ ಹಳೆ ಸೀರೆಯಲ್ಲಿ ರವಿಕೆ ಕಣ ಇರುವುದಿಲ್ಲ. ಡ್ರೈವಾಷ್ ಮಾಡಿಸಿದ್ದರೆ ಅದನ್ನೂ ಬರೆ. ಬೇರೆಯವರು ಉಟ್ಟಿದ್ದು ಅನ್ನುವ ಹಿಂಜರಿಕೆ ಅರ್ಧ ಅಲ್ಲೇ ಹೋಗುತ್ತದೆ.

ನಿಮ್ಮೂರಿನಲ್ಲಿ ಮೈಸೂರು ಸಿಲ್ಕ್ ವಿಷಯದಲ್ಲಂತೂ ತುಂಬ ಹುಷಾರಾಗಿರು. ಅದನ್ನು ನೇಯುವ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ. ಎಷ್ಟೋ ಮನೆಯ ಬೀರುವಿನಲ್ಲಿ ಅಜ್ಜಿ ಕಾಲದ್ದು ಒಂದಾದರೂ ಇರುತ್ತದೆ, ಜನಕ್ಕೆ ಮುಟ್ಟಿದರೇ ಗೊತ್ತಾಗುತ್ತದೆ. ಈಗ ಆ ಕಾರ್ಖಾನೆ ನಡೆಸುವುದು ಕೆಎಸ್‌ಐಸಿ, ಅಂದರೆ ಸರ್ಕಾರದ ರೇಷ್ಮೆ ನಿಗಮ. ಅವರ ಈಚಿನ ಸೀರೆಯಲ್ಲಿ ಕೋಡ್ ನಂಬರ್ ಇರುತ್ತದೆ, ಅದನ್ನು ಬಿಡಿಸಿ ತೋರಿಸು. ನಂಬರೂ ಇಲ್ಲ, ಬಿಲ್ಲೂ ಇಲ್ಲ ಅಂದರೆ ಕೆಎಸ್‌ಐಸಿ ಅಂತ ಬರೆಯಲೇಬೇಡ, ಸುಮ್ನೆ ಕ್ರೇಪ್ ರೇಷ್ಮೆ ಅಂತ ಬರೆ.

ಸೀರೆ ಕೊಡಲು ಯೋಚಿಸುವವರಿಗೆ ಇನ್ನೊಂದು ಮಾತು ಹೇಳು. ಬೀದಿಯಲ್ಲಿ ಹಳೆ ಜರಿ ಸೀರೆ ಕೇಳಿಕೊಂಡು ಬರುವವರಿಗೆ ಬೇಕಾಗಿರುವುದು ಜರಿಯ ಬೆಳ್ಳಿ. ಅದನ್ನು ತೆಗೆಯಲು ಸೀರೆ ಸುಡುತ್ತಾರೆ. ಅಮ್ಮನ ಧಾರೆ ಸೀರೆ ಸುಟ್ಟುಹೋಗುವುದಕ್ಕಿಂತ ಇನ್ನೊಬ್ಬಳು ಉಡಲಿ ಅನ್ನುವವರು ತುಂಬ ಜನ ಇದ್ದಾರೆ. ನನಗೆ ಈ ಕೆಲಸ ಇಷ್ಟವಾಗಿದ್ದೂ ಅದಕ್ಕೇ.

ಆಷಾಢದಲ್ಲಿ ವ್ಯಾಪಾರ ಇಲ್ಲ ಅಂತ ಕೂರಬೇಡ. ಮದುವೆ ಇರುವುದಿಲ್ಲ, ಮನೆಯಲ್ಲಿ ಬೀರು ಚೊಕ್ಕ ಮಾಡಲು ಪುರುಸೊತ್ತು ಇರುತ್ತದೆ. ಸೀರೆ ಕೂಡಿಸುವ ತಿಂಗಳು ಅದು. ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಆಮೇಲೆ ಗೌರಿ, ದಸರಾ. ಯಾರು ಯಾವ ಬಣ್ಣ ಕೇಳಿಹೋದರು ಅಂತ ಒಂದು ನೋಟ್‌ಬುಕ್ ಇಡು. ಅರಿಶಿನದ ಮೈಗೆ ಹಸಿರು ಅಂಚು ಕೇಳಿದವಳಿಗೆ ಅದು ಬಂದ ದಿನವೇ ಫೋಟೋ ಕಳಿಸು, ಬೇರೆಯವರಿಗೆ ಹಾಕುವ ಮುಂಚೆ, ಅವಳೊಬ್ಬಳಿಗೇ. "ನನ್ನನ್ನು ನೆನಪಿಟ್ಟುಕೊಂಡಿದ್ದೀರಲ್ಲ" ಅಂತ ಖುಷಿಯಿಂದ ಓಡಿ ಬರುತ್ತಾಳೆ. ಕೊಂಡರೂ ಕೊಳ್ಳದಿದ್ದರೂ ಬರುವಾಗ ಅಕ್ಕನನ್ನೋ ಓರಗಿತ್ತಿಯನ್ನೋ ಕರೆದುಕೊಂಡೇ ಬರುತ್ತಾಳೆ.

ಈ ಶನಿವಾರ ನಾನೇ ಬೆಳಗಿನ ರೈಲಿಗೆ ಬರುತ್ತೇನೆ. ಲೆಕ್ಕದ ಪುಸ್ತಕ ತೆಗೆದಿಡು. ಯಾರ್ಯಾರಿಗೆ ಬಾಕಿ ಇದೆಯೋ ಪಟ್ಟಿ ಮಾಡೋಣ, ಅವತ್ತೇ ಕೂತು ಒಬ್ಬೊಬ್ಬರಿಗೂ ಫೋನ್ ಮಾಡೋಣ.