ಅಪ್ಪನ ಕೈಗೆ ಸ್ಮಾರ್ಟ್‌ಫೋನ್ ಬಂದ್ಮೇಲೆ ಹೊಲದಲ್ಲಿ ಏನ್ ಬದಲಾಯ್ತು? ನಿಮ್ಮ ಕಡೆ ಹೇಗೆ?

ನ್ಯಾಮತಿ_ಹುಡುಗ:

ಎಲ್ರಿಗೂ ನಮಸ್ಕಾರ. ನಾನು ಬೆಂಗ್ಳೂರಲ್ಲಿ ಕೆಲ್ಸದಲ್ಲಿದೀನಿ, ಊರು ನ್ಯಾಮತಿ ಹತ್ರ. ಅಪ್ಪಂಗೆ ಎರಡೂಕಾಲು ಎಕರೆ, ಅದ್ರಲ್ಲಿ ಮುಕ್ಕಾಲು ಎಕರೆ ಅಡಿಕೆ, ಉಳಿದಿದ್ದು ಮಳೆ ನಂಬ್ಕೊಂಡು ಮೆಕ್ಕೆಜೋಳ. ಎರಡು ವರ್ಷದ ಹಿಂದೆ ನನ್ನ ಹಳೇ ಫೋನ್ ಅಪ್ಪಂಗೆ ಕೊಟ್ಟೆ. ಓದಿರೋದು ನಾಲ್ಕನೇ ಕ್ಲಾಸು, ಟೈಪ್ ಮಾಡೋಕೆ ಬರಲ್ಲ, ಆದ್ರೆ ಆ ಮೈಕ್ ಗುರುತು ಒತ್ತಿ ಮಾತಾಡೋದನ್ನ ಒಂದೇ ವಾರಕ್ಕೆ ಕಲ್ತ್‌ಬಿಟ್ರು. ಪಕ್ಕದ ಹೊಲದವ್ರನ್ನ ಕರೆಯೋ ಥರ ಜೋರಾಗಿ "ಮೆಕ್ಕೆಜೋಳ ಸುಳಿ ಹುಳ ಔಷ್ದಿ" ಅಂತ ಕೂಗ್ತಾರೆ, ಅಮ್ಮ ಒಳಗಿಂದ "ಅದಕ್ಕೇನು ಕಿವಿ ಕೇಳಲ್ವಾ" ಅಂತ ಬೈತಾರೆ. ಮೊದ್ಲೆಲ್ಲ ಭದ್ರಾವತಿ ಆಕಾಶವಾಣಿಲಿ ಕೃಷಿ ಕಾರ್ಯಕ್ರಮ ಬಂದಾಗ ರೇಡಿಯೋ ಕಿವಿಗೆ ಇಟ್ಕೊಂಡು ಕೂರ್ತಿದ್ರು, ಈಗ ರಾತ್ರಿ ಹನ್ನೊಂದಾದ್ರೂ ವಿಡಿಯೋ.

ಒಳ್ಳೇದೂ ಆಗಿದೆ, ಸುಳ್ಳು ಹೇಳಲ್ಲ. ಮಳೆ ಮುನ್ಸೂಚನೆ ನೋಡಿ ಯೂರಿಯಾ ಹಾಕೋದನ್ನ ಎರಡು ದಿನ ಮುಂದಕ್ಕೆ ಹಾಕಿದ್ರು, ಆ ಸಲ ಗೊಬ್ಬರ ಕೊಚ್ಕೊಂಡು ಹೋಗ್ಲಿಲ್ಲ. ಆದ್ರೆ ಹೋದ ಮುಂಗಾರಲ್ಲಿ ಯಾವ್ದೋ ವಿಡಿಯೋ ನೋಡಿ ಹುಳದ ಪುಡಿ, ಅದ್ರ ಜೊತೆ ಇನ್ನೊಂದು ಎಣ್ಣೆ (ಹುಳಕ್ಕೆ ಹೊಡಿಯೋ ದ್ರವದ ಔಷ್ದಿ), ಒಂದು ಟಾನಿಕ್ಕು, ಮೇಲೊಂದು ಹಿಡಿ ಬಟ್ಟೆ ಸೋಪಿನ ಪುಡಿ, ಎಲ್ಲಾ ಒಂದೇ ಟ್ಯಾಂಕಿಗೆ ಹಾಕಿ ಮಟಮಟ ಮಧ್ಯಾಹ್ನ ಹೊಡೆದ್ರು. ಮೂರನೇ ದಿನಕ್ಕೆ ಗರಿ ಅಂಚೆಲ್ಲ ಬಿಳಿಚ್ಕೊಂಡು ಸುಟ್ಟಂಗಾಯ್ತು. ಹುಳ ಮಾತ್ರ ಸುಳಿ ಒಳಗೆ ಆರಾಮಾಗಿತ್ತು. ಹತ್ರಹತ್ರ ಅರ್ಧ ಎಕರೆ ಕೈಬಿಟ್ಟಂಗೆ ಲೆಕ್ಕ. ನಾನು ಫೋನಲ್ಲಿ ರೇಗಿದ್ದಕ್ಕೆ "ನೀನೇ ಕೊಟ್ಟಿದ್ದಲ್ಲಪ್ಪ ಇದು" ಅಂದ್ರು, ಅದಕ್ಕೆ ನನ್ನ ಹತ್ರ ಉತ್ರ ಇರ್ಲಿಲ್ಲ.

ಈಗ ಮತ್ತೆ ಪೈರು 20 ದಿನದ್ದು, ಮತ್ತೆ ಹುಳ ಕಂಡಿದೆ ಅಂತಿದಾರೆ. ನನ್ನ ಪ್ರಶ್ನೆ ಏನಂದ್ರೆ ನಿಮ್ಮ ಮನೇಲಿ ಫೋನ್ ನೋಡಿ ಬೇಸಾಯದಲ್ಲಿ ಏನಾದ್ರೂ ನಿಜವಾಗಿ ಬದಲಾಗಿದ್ಯಾ, ಅಥವಾ ಬರೀ ನೋಡೋದಷ್ಟೇನಾ?

ಗೋವಿನಜೋಳ_ಹಾವೇರಿ:

ಅಣ್ಣಾರ, ಮೊದಲ ಒಂದು ಮಾತು. ನಿಮ್ಮ ಅಪ್ಪಾರು ಮೆಕ್ಕೆಜೋಳ ಅಂತ ಕೇಳ್ತಾರ, ನಾವು ಗೋವಿನಜೋಳ ಅಂತೀವಿ, ಆ ಕಡೆ ಮಂದಿ ಮುಸುಕಿನ ಜೋಳ ಅಂತಾರ. ಮೂರೂ ಹೆಸರು ಹೇಳಿ ನೋಡ್ರಿ, ಮೂರು ನಮೂನಿ ವಿಡಿಯೋ ಬರ್ತಾವ. ನಾ ಬರೇ ಜೋಳ ಅಂದಾಗ ಬಿಳಿಜೋಳದ್ದ ತೋರಿಸಿ ತಲಿ ಕೆಡಿಸಿತ್ತು.

ಆ ಸುಳಿ ಹುಳ ಸೈನಿಕ ಹುಳ ಇರಬೇಕ್ರಿ, ಅದರ ಬಗ್ಗೆ ಹೇಳ್ತೀನಿ ಕೇಳ್ರಿ. ಅದು ನಮ್ಮ ದೇಶದಾಗ ಮೊದಲ ಸಿಕ್ಕಿದ್ದ ಶಿವಮೊಗ್ಗದ ಕಡೆ, 2018ರ ಮೇ ತಿಂಗಳದಾಗ. ಆ ವರ್ಷ ನಾವು ಅದನ್ನ ಹಳೇ ಕಾಂಡ ಕೊರಿಯೋ ಹುಳ ಅಂತ ತಿಳಕೊಂಡು ಯಾವಾಗ್ಲೂ ಹೊಡಿಯೋ ಎಣ್ಣೀನ ಹೊಡದ್ವಿ, ಏನೂ ಆಗ್ಲಿಲ್ಲ, ಇನ್ನೊಮ್ಮೆ ಹೊಡದ್ವಿ, ಅದಕ್ಕೂ ಆಗ್ಲಿಲ್ಲ. ಆಮ್ಯಾಲ ನಮ್ಮ ಊರ ವಾಟ್ಸಾಪ್ ಗ್ರೂಪಿನಾಗ ಯಾರೋ ಒಂದು ಫೋಟೋ ಹಾಕಿದ್ರು. ತಲಿ ಮ್ಯಾಲ ಇಂಗ್ಲಿಷಿನ ವೈ ಅಕ್ಷರ ತಲಿಕೆಳಗ ಮಾಡಿದಂಗ ಬಿಳಿ ಗೆರಿ, ಬಾಲದ ಹಂತೇಕ ನಾಕು ಕರಿ ಚುಕ್ಕಿ, ಚೌಕಾಗಿ. ನಾ ಹೊಲಕ್ಕ ಹೋಗಿ ಒಂದು ಹುಳ ಅಂಗೈ ಮ್ಯಾಲ ಇಟ್ಕೊಂಡು ಕ್ಯಾಮೆರಾ ಝೂಮ್ ಮಾಡಿ ನೋಡಿದೆ, ಅದಽ ಗೆರಿ, ಅದಽ ನಾಕು ಚುಕ್ಕಿ. ಮೈ ಜುಮ್ ಅಂತು. ಆಮ್ಯಾಲ ಯಾವ ಔಷಧಾ ಅಂತ ಕೇಳೋದು ಸರಿ ಆತು. ನನಗ ಫೋನಿನಿಂದ ಆದ ದೊಡ್ಡ ಉಪಯೋಗ ಅಂದ್ರ ವಿಡಿಯೋ ಅಲ್ರಿ, ಆ ಕ್ಯಾಮೆರಾ. ನಿಮ್ಮ ಅಪ್ಪಾರಿಗೂ ಮೊದಲ ಫೋಟೋ ತಗಿಯಾಕ ಹೇಳ್ರಿ, ವಿಡಿಯೋ ಆಮ್ಯಾಲ.

ಬಾಕ್ಸ್_ಟೊಮೊಟೊ:

ಕೋಲಾರದ ಕಡೆಯವನು. ನಮ್ಮಲ್ಲಿ ಫೋನ್ ಅಂದ್ರೆ ರೇಟು. ಬೆಳಿಗ್ಗೆ ಹರಾಜು ಆಗ್ತಿದ್ದಂಗೆ ಎಪಿಎಂಸಿಯಿಂದ ಸ್ಟೇಟಸ್ ಬರುತ್ತೆ, 15 ಕೆಜಿ ಬಾಕ್ಸು ಇಷ್ಟು ಅಂತ, ತೋಟದಲ್ಲೇ ನಿಂತು ಎಲ್ರೂ ನೋಡ್ತೀವಿ. 2023ರ ಜುಲೈನಲ್ಲಿ ಬಾಕ್ಸು 2000 ದಾಟ್ತಲ್ಲ, ಆಗ ನೋಡ್ಬೇಕಿತ್ತು, ಬೇಲಿ ಅಂಚಲ್ಲಿರೋ ಜಾಗಾನೂ ಬಿಡ್ದೆ ಸಸಿ ನೆಟ್ರು ಜನ, ನಾನೂ ನೆಟ್ಟೆ. ನಾನು ನೋಡಿದ ಸ್ಟೇಟಸ್ಸೇ ಆಂಧ್ರದವ್ರೂ ನೋಡಿದಾರೆ ಅನ್ನೋದು ತಲೆಗೆ ಹೋಗ್ಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಕೀಳೋ ಕೂಲಿ ಹುಟ್ಟಲಿಲ್ಲ.

ಇನ್ನೊಂದು ವಿಷ್ಯ, ಯಾರೂ ಹೇಳಲ್ಲ. ಬೇರೆ ಮಾರ್ಕೆಟ್ಟಲ್ಲಿ ಬಾಕ್ಸಿಗೆ 60 ರೂಪಾಯಿ ಜಾಸ್ತಿ ಇದೆ ಅಂತ ಫೋನಲ್ಲಿ ಗೊತ್ತಾಗುತ್ತೆ, ಗೊತ್ತಾಗಿ ಏನ್ ಮಾಡೋದು? ಸಸಿ, ಗೊಬ್ರ, ಕಡ್ಡಿ ಅಂತ ಮಂಡಿಯವ್ರ (ಮಾರ್ಕೆಟ್ಟಿನ ದಲ್ಲಾಳಿಗಳ) ಹತ್ರ ಮೊದ್ಲೇ ದುಡ್ಡು ಈಸ್ಕೊಂಡಿರ್ತೀವಿ, ಕಾಯಿ ಅಲ್ಲಿಗೇ ಹೋಗ್ಬೇಕು. ಮೊದ್ಲು ಗೊತ್ತಿಲ್ದೆ ಮೋಸ ಹೋಗ್ತಿದ್ವಿ, ಈಗ ಗೊತ್ತಿದ್ದೂ ಕೊಟ್ಟು ಬರ್ತೀವಿ, ಹೊಟ್ಟೆ ಉರಿ ಮಾತ್ರ ಜಾಸ್ತಿ. ಸಾಲ ಇಲ್ದಿರೋ ನಮ್ಮ ಚಿಕ್ಕಪ್ಪ ಮಾತ್ರ ರೇಟ್ ನೋಡ್ಕೊಂಡು ಒಂದಿನ ಕೋಲಾರ ಒಂದಿನ ಚಿಂತಾಮಣಿ ಅಂತ ಓಡಾಡ್ತಾರೆ, ಫೋನಿಂದ ಲಾಭ ಆಗಿದ್ದು ಅವ್ರಿಗೆ.

ಗುಬ್ಬಿ_ರಾಗಿ:

ನಾನು ಸ್ವಲ್ಪ ಬೇರೆ ಹೇಳ್ತೀನಿ. ನಮ್ಮನೇಲಿ ಫೋನು ಯಜಮಾನ್ರ ಜೇಬಲ್ಲಿ. ಆದ್ರೆ ಒಟ್ಲು ಪಾತಿ (ಸಸಿ ಬೆಳೆಸೋ ಮಡಿ) ಮಾಡೋದು, ನಾಟಿ ಹಾಕೋದು, ಕಳೆ ಕೀಳೋದು ನಾನು ನಮ್ಮತ್ತೆ. ಮೂರು ವರ್ಷದ ಹಿಂದೆ ಅವ್ರು ಗುಳಿ ರಾಗಿ ಅಂತ ವಿಡಿಯೋ ನೋಡ್ಕೊಂಡು ಬಂದ್ರು, ಅದು ಹಾವೇರಿ ಕಡೆ ಹಳೇ ಪದ್ಧತಿಯಂತೆ, ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಗೊಬ್ರ, ಅದ್ರಲ್ಲಿ ಎರಡೇ ಪೈರು. ಅಷ್ಟು ಅಗಲ ಬಿಟ್ರೆ ಹೊಲ ಬೋಳು ಬೋಳು ಕಾಣುತ್ತೆ, ನಮ್ಮತ್ತೆ ಬಾಯಿಗ್ ಬಂದಂಗೆ ಬೈದ್ರು, ಆದ್ರೂ 10 ಗುಂಟೆಗೆ ಹಾಕಿದ್ವಿ. ಅಂದ್ಕೊಂಡಷ್ಟು ತೆಂಡೆ, ಅಂದ್ರೆ ಬುಡದಿಂದ ಬರೋ ಕವಲು, ಒಡೀಲಿಲ್ಲ. ವಿಡಿಯೋ ಎಲ್ಲಾ ಸುಳ್ಳು ಅಂತ ಬಿಟ್‌ಬಿಟ್ವಿ.

ಆಮೇಲೆ ಮಗಳ ಫೋನಲ್ಲಿ ಅದೇ ವಿಡಿಯೋ ಸಿಕ್ತು, ಪೂರ್ತಿ ಕೂತು ನೋಡಿದೆ. ನಾಟಿ ಆಗಿ ಸ್ವಲ್ಪ ದಿನಕ್ಕೆ ಪೈರಿನ ಮೇಲೆ ಕೊರಡು (ಮರದ ದಿಮ್ಮಿ) ಎಳೀಬೇಕಂತೆ, ಪೈರು ಬಗ್ಗಿ ನೆಲ ಕಚ್ಚಿದ್ರೆನೇ ಬುಡದಿಂದ ತೆಂಡೆ ಜಾಸ್ತಿ ಬರೋದು! ಇದನ್ನ ನಮ್ಮನೆಯವ್ರು ನಂಗೆ ಹೇಳೇ ಇರ್ಲಿಲ್ಲ. ಕೇಳಿದ್ರೆ "ಅದೊಂದು ಮರ್ತೋಯ್ತು" ಅಂದ್ರು. ನೋಡೋರು ಒಬ್ರು, ಮಾಡೋರು ಇನ್ನೊಬ್ರು ಆದ್ರೆ ಹೀಗೇ. ಮುಂದಿನ ವರ್ಷ ಕೊರಡು ಎಳೆದ್ವಿ, ತೆಂಡೆ ಬಂತು, ಅತ್ತೆ ಈಗ ಅದು ತಂದೇ ಐಡಿಯಾ ಅನ್ನೋ ಥರ ಬಂದವ್ರಿಗೆಲ್ಲಾ ತೋರಿಸ್ತಾರೆ. ಈಗ ನಮ್ಮ ಸಂಘದಲ್ಲಿ ಒಬ್ರ ಫೋನಲ್ಲಿ ಎಂಟು ಜನ ಕೂತು ನೋಡ್ತೀವಿ. ನ್ಯಾಮತಿಯವ್ರೇ, ನಿಮ್ಮಮ್ಮ ಹೊಲಕ್ಕೆ ಹೋಗ್ತಾರಾ? ಅವ್ರಿಗೂ ತೋರ್ಸಿ.

ತೆಂಗು_ತಿಪಟೂರು:

ಮೊಬೈಲ್ ಸ್ಟಾರ್ಟರ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕೊಟ್ರೆ ಟಾರ್ಚ್ ಹಿಡ್ಕೊಂಡು ಹಾವು ಚೇಳು ತುಳ್ಕೊಂಡು ಹೋಗೋದು ತಪ್ತು, ಮಲಗಿದಲ್ಲಿಂದ ಒಂದು ಕಾಲ್ ಮಾಡಿದ್ರೆ ಮೋಟ್ರು ಆನ್. ಆದ್ರೆ ಹೋದ ಬೇಸಿಗೇಲಿ ಪೈಪ್ ಕಿತ್ಕೊಂಡು ಮೂರು ರಾತ್ರಿ ನೀರೆಲ್ಲಾ ಹಳ್ಳಕ್ಕೆ ಹೋಗಿದೆ, ನಂಗೆ ಗೊತ್ತೇ ಇಲ್ಲ. ಮೊದ್ಲು ಮೋಟ್ರು ಹಾಕೋಕೆ ಅಂತ ಹೋದಾಗ ತೋಟಾನೂ ಕಣ್ಣಿಗೆ ಬೀಳ್ತಿತ್ತು. ಅಷ್ಟೇ ನನ್ನ ಕಾಮೆಂಟು.

ರಿಟೈರ್ಡ್_ಎಎಓ:

ರೈತ ಸಂಪರ್ಕ ಕೇಂದ್ರದಲ್ಲಿ ಎಎಓ, ಅಂದ್ರೆ ಸಹಾಯಕ ಕೃಷಿ ಅಧಿಕಾರಿ ಆಗಿ ವರ್ಷಗಟ್ಟಲೆ ಕೂತು ಎದ್ದವನು ನಾನು, ಈಗ ನಿವೃತ್ತಿ. ಒಂದು ಹೋಬಳಿ ಪೂರ್ತಿ ನಾವು ಮೂರ್ನಾಲ್ಕು ಜನ ಇದ್ವಿ, ಎಷ್ಟು ಹೊಲಕ್ಕೆ ಅಂತ ಹೋಗೋದು? ಆ ಜಾಗಕ್ಕೆ ಫೋನ್ ಬಂದು ಕೂತಿದೆ, ಬೈದು ಪ್ರಯೋಜನ ಇಲ್ಲ.

ಟೊಮೊಟೊದವ್ರು ಹೇಳಿದ್ದು ತುಂಬಾ ಸರಿ. ಫೋನಿನ ಲಾಭಕ್ಕೆ ಎಲ್ರೂ ಕೊಡೋ ಉದಾಹರಣೆ ಕೇರಳದ ಬೂತಾಯಿ ಮೀನಿನವ್ರದ್ದು. 1997ರಿಂದ 2001ರ ಒಳಗೆ ಅಲ್ಲಿ ಕರಾವಳಿಗೆ ಮೊಬೈಲ್ ಸಿಗ್ನಲ್ ಬಂತು, ದೋಣಿಯವ್ರು ಸಮುದ್ರದಿಂದಲೇ ಕಾಲ್ ಮಾಡಿ ಯಾವ ಕಡೆ ಗಿರಾಕಿ ಇದಾರೋ ಆ ದಡಕ್ಕೆ ತಿರುಗಿಸೋಕೆ ಶುರು ಮಾಡಿದ್ರು, ಮೀನು ಚೆಲ್ಲೋದು ನಿಂತೋಯ್ತು. ರಾಬರ್ಟ್ ಜೆನ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು 2007ರಲ್ಲಿ ಲೆಕ್ಕ ಕೊಟ್ಟಿದಾರೆ, ಮೀನುಗಾರರ ಲಾಭ ಸುಮಾರು ಶೇ. 8 ಏರಿತು, ಕೊಳ್ಳೋರಿಗೆ ಬೆಲೆ ಶೇ. 4 ಇಳೀತು. ಆದ್ರೆ ಅಲ್ಲಿ ದೋಣಿ ತಿರುಗಿಸೋ ಸ್ವಾತಂತ್ರ್ಯ ಇತ್ತು ಸ್ವಾಮಿ. ಮಂಡೀಲಿ ಅಡ್ವಾನ್ಸ್ ತಗೊಂಡೋನು ಲಾರಿ ಎಲ್ಲಿಗೆ ತಿರುಗಿಸ್ತಾನೆ?

ವಿಡಿಯೋ ವಿಷ್ಯಕ್ಕೆ ಬಂದ್ರೆ, 2006ರಲ್ಲಿ ಬೆಂಗ್ಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಡಿಜಿಟಲ್ ಗ್ರೀನ್ ಅಂತ ಒಂದು ಪ್ರಯೋಗ ಶುರುವಾಯ್ತು. ಆಯಾ ಕಡೆ ರೈತರನ್ನೇ ಕ್ಯಾಮೆರಾ ಮುಂದೆ ನಿಲ್ಸಿ ವಿಡಿಯೋ ಮಾಡಿ ಊರಲ್ಲಿ ತೋರಿಸೋದು, ಮಧ್ಯ ಮಧ್ಯ ನಿಲ್ಸಿ ಪ್ರಶ್ನೆ ಕೇಳೋಕೆ ಒಬ್ರು ಇರೋರು. ನೋಡಿದ ರೈತರು ಮೊದ್ಲು ಕೇಳ್ತಿದ್ದಿದ್ದು ಇವ್ರ ಹೆಸ್ರೇನು, ಯಾವೂರು ಅಂತ. ಆ ಪ್ರಶ್ನೆ ತಮಾಷೆ ಅಲ್ಲ. ಯಾವೂರು ಅಂತ ಗೊತ್ತಾದ್ರೆ ಮಣ್ಣು ಯಾವುದು, ಮಳೆ ಎಷ್ಟು, ನೀರಾವರಿ ಇದ್ಯಾ ಎಲ್ಲಾ ಗೊತ್ತಾಗುತ್ತೆ. ಈಗಿನ ವಿಡಿಯೋದಲ್ಲಿ ಅದೇ ಇರಲ್ಲ, ಕಪ್ಪು ಮಣ್ಣಿನವ್ರು ಹೇಳಿದ್ದನ್ನ ಕೆಂಪು ಮಣ್ಣಿನವ್ರು ಮಾಡ್ತಾರೆ, ಕೆಳಗೆ ನೋಡಿದ್ರೆ ಟಾನಿಕ್ ಮಾರೋರ ನಂಬರ್. ಗುಬ್ಬಿಯ ಅಮ್ಮ, ನಿಮ್ಮ ಸಂಘದ ಎಂಟು ಜನ ಮಾಡ್ತಿರೋದೂ ಅದೇ, ಬಿಡ್ಬೇಡಿ.

ನ್ಯಾಮತಿಯವ್ರೇ, ನಿಮ್ಮ ಅಪ್ಪನ ಗರಿ ಸುಟ್ಟಿದ್ದು ಬಟ್ಟೆ ಸೋಪಿನ ಖಾರ, ಮಧ್ಯಾಹ್ನದ ಬಿಸಿಲು, ನಾಲ್ಕು ಥರ ಕಲಸಿದ್ದು, ಎಲ್ಲಾ ಸೇರಿ. ಹಾವೇರಿಯವ್ರು ಹೇಳಿದಂಗೆ ಮೊದ್ಲು ಹುಳ ಗುರುತು ಹಿಡೀರಿ. ಅದೇ ಸೈನಿಕ ಹುಳ ಆಗಿದ್ದು ಇನ್ನೂ ಚಿಕ್ಕದಿದ್ರೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ, ಅಂದ್ರೆ 16 ಲೀಟರ್ ಟ್ಯಾಂಕಿಗೆ 6 ಗ್ರಾಂ ಚಿಲ್ಲರೆ. ಅದೊಂದೇ, ಬೇರೇನೂ ಬೆರೆಸಬಾರ್ದು. ನಾಜಲ್ ಸುಳಿಗೇ ನೇರ ಹಿಡೀಬೇಕು, ಸಂಜೆ ಹೊತ್ತು. ಮೂಗಿಗೆ ಬಾಯಿಗೆ ಬಟ್ಟೆ, ಕೈಗೆ ಗ್ಲೌಸ್ ಮರೀಬೇಡಿ. ಹುಳ ದಪ್ಪ ಆಗಿ ಸುಳಿ ತುಂಬಾ ಲದ್ದಿ ಕಟ್ಕೊಂಡಿದ್ರೆ ಹೊಡೆದಿದ್ದು ಒಳಗೆ ಇಳಿಯಲ್ಲ, ಆಗ ವಿಷಪಾಷಾಣ (ಹುಳ ತಿಂದು ಸಾಯೋಕೆ ಇಡೋ ವಿಷದ ತಿಂಡಿ), ಅದು ಬೇರೆ ಲೆಕ್ಕ. ಅನುಮಾನ ಇದ್ರೆ ಕಿಸಾನ್ ಕಾಲ್ ಸೆಂಟರ್ 1800-180-1551, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. 2004ರಿಂದ ಇದೆ, ಅದಕ್ಕೆ ಸ್ಮಾರ್ಟ್‌ಫೋನೂ ಬೇಡ, ಬಟನ್ ಫೋನ್ ಸಾಕು. ಪೈರು ಎಷ್ಟು ದಿನದ್ದು, ಯಾವ ತಳಿ, ಮೊದ್ಲೇ ಏನು ಹೊಡೆದಿದೀರಿ, ಈ ಮೂರನ್ನ ರೆಡಿ ಇಟ್ಕೊಂಡು ಕಾಲ್ ಮಾಡ್ಲಿ.

ಹಾಂ, ಪಿಎಂ ಕಿಸಾನ್ ಹೆಸ್ರಲ್ಲಿ ವಾಟ್ಸಾಪಿಗೆ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕೋ ಫೈಲ್) ಬಂದ್ರೆ ಒತ್ತಬೇಡಿ ಅಂತ ಇವತ್ತೇ ಹೇಳಿ ಅವ್ರಿಗೆ. ಖಾತೆ ಖಾಲಿ ಮಾಡೋ ಕಳ್ರು ಅವ್ರು.

ನ್ಯಾಮತಿ_ಹುಡುಗ:

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪಂಗೆ ಫೋನಲ್ಲೇ ಓದಿ ಹೇಳಿದೆ, ಸೋಪಿನ ಮಾತು ಬಂದಾಗ ಮಾತ್ರ ಸುಮ್ನಾದ್ರು. ಇವತ್ತು ಬೆಳಿಗ್ಗೆ ಏಳು ಫೋಟೋ ಕಳ್ಸಿದಾರೆ, ಮೂರರಲ್ಲಿ ಬರೀ ಅವ್ರ ಹೆಬ್ಬೆರಳು, ಎರಡು ಮಸುಕು, ಒಂದ್ರಲ್ಲಿ ಅಮ್ಮ ಹುಳ ಹಿಡ್ಕೊಂಡು ಮುಖ ಸಿಂಡರಿಸ್ಕೊಂಡಿರೋದು. ಕೊನೇದು ಚೆನ್ನಾಗಿದೆ, ತಲೆ ಮೇಲೆ ಗೆರೆ ಕಾಣುತ್ತೆ, ಬಾಲದ ಕಡೆ ಚುಕ್ಕಿ ನಾಲ್ಕು ಎಣಿಸ್ದೆ. ಹುಳ ಅಮ್ಮನ ಬಳೆ ದಪ್ಪಾನೂ ಇಲ್ಲ, ಸಣ್ಣದೇ. 1551ಕ್ಕೆ ಅಪ್ಪನೇ ಕಾಲ್ ಮಾಡಿದ್ರಂತೆ, ಅವ್ರೂ ಅದೇ ಔಷ್ದಿ ಹೇಳಿದಾರೆ.

ಒಂದೇ ಒಂದು ಡೌಟು ಎಎಓ ಸಾರ್, ಇವತ್ತು ಸಂಜೆ ಮಳೆ ಬರಂಗಿದೆ. ಹೊಡೀಬಹುದಾ?

ರಿಟೈರ್ಡ್_ಎಎಓ:

ಬೇಡ, ತೊಳ್ಕೊಂಡು ಹೋಗುತ್ತೆ. ನಾಳೆ ಸಂಜೆ ಒಣಗಿದ್ರೆ ಹೊಡೀಲಿ. ಅಮ್ಮನ ಕೈ ತೊಳ್ಕೊಳೋಕೆ ಹೇಳಿ.