ದುಡ್ಡಿನ ಬಳ್ಳಿಗೊಂದು ಪಾಚಿ ಕಂಬ

ಕೊಡಗಿನ ಕಕ್ಕಡ ತಿಂಗಳು, ನಡು ಮಳೆಗಾಲ. ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಕರೆಂಟು ಬಂದಿಲ್ಲ. ಬೋಪಣ್ಣನ ಜಗಲಿಯಲ್ಲಿ ಮೂರು ಕೊಡೆಗಳು ನೀರಿಳಿಸುತ್ತಾ ಬಿದ್ದಿದ್ದವು. ಒಳಗೆ ಒಲೆಯ ಮೇಲಿನ ಹಗ್ಗದಲ್ಲಿ ಬನಿಯನ್ನುಗಳು ಹೊಗೆ ಕುಡಿಯುತ್ತಿದ್ದವು. ಇಂಥ ಹೊತ್ತಿನಲ್ಲಿ ಬೋಪಣ್ಣ ಒಂದು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲೆ ಎಲೆಗೂ ನೀರು ಚಿಮುಕಿಸುತ್ತಿದ್ದ.

"ಏನು ಮಾರಾಯ, ತೀರ್ಥ ಕೊಡುತ್ತಿದ್ದೀಯಾ?" ಎಂದ ಮುತ್ತಣ್ಣ.

"ಮನಿ ಪ್ಲಾಂಟ್. ಮಾರ್ಬಲ್ ಕ್ವೀನ್ ಅಂತ. ಮಗ ಬೆಂಗಳೂರಿಂದ ಕಳಿಸಿದ್ದು. ಇದಕ್ಕೆ ತೇವ ಜಾಸ್ತಿ ಬೇಕಂತೆ. ದಿನಕ್ಕೆ ಎರಡು ಸಲ ಸ್ಪ್ರೇ ಮಾಡಬೇಕಂತೆ."

ಮುತ್ತಣ್ಣ ಅಂಗಳದ ಕಡೆ ನೋಡಿದ. ಅಂಗಳ ಕಾಣಲಿಲ್ಲ, ಬರೀ ಮಂಜು. "ಜುಲೈಯಲ್ಲಿ ಕೊಡಗಿಗೆ ತೇವ ಸಾಲದು ಅಂತ ಕಂಡುಹಿಡಿದವನು ನೀನೇ ಮೊದಲು. ನನ್ನ ಬೆಲ್ಟಿನ ಮೇಲೆ ಬೂಸ್ಟು ಬಂದಿದೆ. ಅದಕ್ಕೂ ಸ್ವಲ್ಪ ಹೊಡೆ."

"ಆ ಕಂಬ ಏನು ಬೋಪಣ್ಣ?" ದೇಚಮ್ಮಕ್ಕ ಕೇಳಿದರು.

"ಪಾಚಿ ಕಂಬ ಅಕ್ಕ. ಬಳ್ಳಿ ಹತ್ತಲಿಕ್ಕೆ. 600 ರೂಪಾಯಿ."

ದೇಚಮ್ಮಕ್ಕ ಕಾಫಿ ಲೋಟ ಕೆಳಗಿಟ್ಟರು. "ಪಾಚಿಗೆ 600 ರೂಪಾಯಿಯಾ? ಹೋಂಸ್ಟೇ ಮೆಟ್ಟಿಲಿನ ಪಾಚಿ ಉಜ್ಜಲು ನಾನು ಆಳಿಗೆ ಸಂಬಳ ಕೊಡುತ್ತಿದ್ದೀನಲ್ಲ!"

"ಅಂದರೆ ಅಕ್ಕ, ಇಷ್ಟು ವರ್ಷ ಬಂಡವಾಳವನ್ನೇ ಉಜ್ಜಿ ಚರಂಡಿಗೆ ಬಿಟ್ಟಿದ್ದೀರಿ," ಎಂದ ಮುತ್ತಣ್ಣ. " ಮೇಷ್ಟ್ರ ಸ್ಕೂಟರ್ ನೋಡಿ. ಕಬ್ಬಿಣಕ್ಕಿಂತ ಪಾಚಿ ಹೆಚ್ಚು. ಇವತ್ತಿನ ರೇಟಲ್ಲಿ ಅದು ಕಾರಿನ ಬೆಲೆಗೆ ಹೋಗುತ್ತೆ."

ಮೇಷ್ಟ್ರಿಗೆ ಸ್ಕೂಟರಿನ ಸುದ್ದಿ ಹಿಡಿಸಲಿಲ್ಲ. ಕನ್ನಡಕ ಒರೆಸಿ ಪಾಠ ಶುರು ಮಾಡಿದರು. "ಇದು ನಮ್ಮ ಕಡೆಯ ಬಳ್ಳಿ ಅಲ್ಲ. ಪೆಸಿಫಿಕ್ ಸಾಗರದಲ್ಲಿ ತಾಹಿತಿ ಪಕ್ಕ ಮೊಓರಿಯಾ ಅಂತ ಒಂದು ಪುಟ್ಟ ದ್ವೀಪ. ಅಲ್ಲಿಯ ಮಳೆಕಾಡು ಇದರ ತವರು. 1880ರಲ್ಲಿ ಇದಕ್ಕೆ ಪೋಥೋಸ್ ಅಂತ ಹೆಸರಿಟ್ಟರು. ಗಿಡದ ಕುಲ ಹೇಳಬೇಕಾದರೆ ಹೂ ನೋಡಬೇಕು. ಇದೋ ಹೂವೇ ಬಿಡುವುದಿಲ್ಲ. 1962ರಲ್ಲಿ ಅಪರೂಪಕ್ಕೆ ಒಂದು ಬಿಟ್ಟಿತು. ಅದನ್ನು ನೋಡಿ ರಾಫಿಡೋಫೋರಾ ಅಂದರು. 1964ರಲ್ಲಿ ಅದೂ ಸರಿಯಲ್ಲ ಅಂತ ಎಪಿಪ್ರೆಮ್ನಮ್ ಮಾಡಿದರು."

"ಪಾಪ," ಎಂದ ಮುತ್ತಣ್ಣ. "ನಮ್ಮಲ್ಲಿ ಯಾರೇ ಬಂದರೂ ಕೂರಿಸುವ ಮೊದಲು ಯಾವ ಒಕ್ಕ, ಯಾವ ಮನೆತನ ಅಂತ ಕೇಳುತ್ತೇವೆ. ಇದು ಎಂಬತ್ತು ವರ್ಷ ಬಾಗಿಲಲ್ಲೇ ನಿಂತಿತ್ತು."

"ಕೆಸುವಿನ ಕುಟುಂಬ ಅನ್ನೋದರಲ್ಲಿ ಮಾತ್ರ ಯಾರಿಗೂ ಅನುಮಾನ ಇಲ್ಲ."

ಕೆಸು ಅಂದ ಕೂಡಲೇ ದೇಚಮ್ಮಕ್ಕನ ಕಣ್ಣು ಎಲೆಯ ಅಗಲ ಅಳೆಯತೊಡಗಿತು. "ಹಾಗಾದರೆ ಪತ್ರೊಡೆ?"

"ಬೇಡ ಅಕ್ಕ! ಇದರಲ್ಲೂ ಕೆಸುವಿನ ಥರ ಸೂಜಿ ಸೂಜಿ ಹರಳು ಇರುತ್ತೆ. ಕೆಸುವನ್ನು ಹುಳಿ ಹಾಕಿ ಬೇಯಿಸಿ ಪಳಗಿಸಿದ್ದೇವೆ. ಇದನ್ನು ತಿನ್ನುವ ಹಾಗಿಲ್ಲ. ನಾಯಿ, ಬೆಕ್ಕು ಕಚ್ಚಿದರೂ ಬಾಯಿ ಉರಿದು ಜೊಲ್ಲು ಸುರಿಸುತ್ತವೆ."

"ಹೂ ಇಲ್ಲ, ಕಾಯಿ ಇಲ್ಲ, ಪಲ್ಯಕ್ಕೂ ಇಲ್ಲ," ಮುತ್ತಣ್ಣ ಬೆರಳು ಮಡಚಿದ. "ಹೆಸರು ಮಾತ್ರ ದುಡ್ಡಿನ ಗಿಡ. ಅಲ್ಲಿ ನೋಡು ಬೋಪಣ್ಣ, ಹಾಲುವಾಣದ ಮರಕ್ಕೆ ಹಬ್ಬಿದೆಯಲ್ಲ, ಮೆಣಸು. ನಿನ್ನ ಮಗನ ಫೀಸು ಕಟ್ಟಿದ್ದು ಅದು. ಈ ಮನೆಗೆ ಹೆಂಚು ಹೊದಿಸಿದ್ದು ಅದು. ನಮ್ಮ ತೋಟದಲ್ಲಿ ಕಾಫಿ ಹೊರಗಿನದು, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಮೆಣಸು ಈ ಘಟ್ಟದಲ್ಲೇ ಹುಟ್ಟಿದ್ದು. ಅದಕ್ಕೆ ಯಾರಾದರೂ ಕ್ವೀನ್ ಅಂದಿದ್ದಾರಾ? ಬರೀ ಬಳ್ಳಿ."

"ಗಾಳಿ ಶುದ್ಧ ಮಾಡುತ್ತೆ ಅಂತ ನಾಸಾದವರೇ ಹೇಳಿದ್ದಾರೆ," ಬೋಪಣ್ಣ ಮುನಿಸಿನಲ್ಲೇ ಹೇಳಿದ.

"ಅದು 1989ರ ಪರೀಕ್ಷೆ," ಎಂದರು ಮೇಷ್ಟ್ರು. "ಗಾಳಿಯಾಡದ ಪೆಟ್ಟಿಗೆಯಲ್ಲಿ ಗಿಡ ಇಟ್ಟು ನೋಡಿದ್ದು. ಮನೆಯಲ್ಲಿ ಅಷ್ಟು ಕೆಲಸ ಆಗಬೇಕಾದರೆ ಮನುಷ್ಯರಿಗೆ ಜಾಗ ಇಲ್ಲದಷ್ಟು ಕುಂಡ ಇಡಬೇಕು."

"ಅಲ್ಲ ಮೇಷ್ಟ್ರೇ, ಬೆಂಗಳೂರಿನವರು ಗಾಳಿ ಕುಡಿಯಲು ದುಡ್ಡು ಕೊಟ್ಟು ದೇಚಮ್ಮಕ್ಕನ ಮನೆಗೆ ಬರುತ್ತಾರೆ. ಅದೇ ಗಾಳಿಯನ್ನು ಸೋಸಲು ಬೆಂಗಳೂರಿಂದ ಇಲ್ಲಿಗೆ ಗಿಡ ಬರುತ್ತೆ. ಬಸ್ಸಿನವನಿಗೆ ಎರಡು ಕಡೆಯಿಂದಲೂ ಲಾಭ," ಎಂದ ಮುತ್ತಣ್ಣ.

"ಎಲ್ಲ ಸರಿ, ಒಂದು ತಪ್ಪಾಗಿದೆ," ದೇಚಮ್ಮಕ್ಕ ಗಂಭೀರವಾಗಿ ಹೇಳಿದರು. "ಮನಿ ಪ್ಲಾಂಟನ್ನು ಕೊಂಡು ತರಬಾರದು. ಕದ್ದು ತರಬೇಕು. ಆಗಲೇ ದುಡ್ಡು ಕೂಡುವುದು."

"ಮೆಣಸಿನ ಆಸೆಗೆ 1498ರಲ್ಲಿ ವಾಸ್ಕೋ ಡ ಗಾಮ ಆಫ್ರಿಕಾ ಸುತ್ತಿ ಕೋಯಿಕ್ಕೋಡಿಗೆ ಬಂದ," ಎಂದ ಮುತ್ತಣ್ಣ. "ಇದಕ್ಕೋಸ್ಕರ ಹೆಚ್ಚೆಂದರೆ ಪಕ್ಕದ ಮನೆಯವರು ಕಾಂಪೌಂಡ್ ಹಾರುತ್ತಾರೆ."

ಎಲ್ಲರೂ ನಕ್ಕರು. ಬೋಪಣ್ಣ ಮಾತ್ರ ಬಟ್ಟೆ ತಗೊಂಡು ಎಲೆ ಒರೆಸತೊಡಗಿದ. ನಗೆ ಹಾಗೇ ಸೋರಿಹೋಯಿತು. ಮಳೆ ಸದ್ದೇ ಉಳಿಯಿತು.

"ಮಗಳ ಫೋನು ಬಂತಾ ಮುತ್ತಣ್ಣ?" ದೇಚಮ್ಮಕ್ಕ ಸುಮ್ನೆ ಮಾತಿಗೆ ಕೇಳಿದರು.

"ಟವರೇ ಇಲ್ಲ. ಬಂದರೂ ನಮಗೆ ಹಗಲಾದರೆ ಕೆನಡಾದಲ್ಲಿ ರಾತ್ರಿ." ಮುತ್ತಣ್ಣ ಜಗಲಿಯ ಮೂಲೆ ಕಡೆ ಕೈ ತೋರಿಸಿದ. ಅಲ್ಲಿ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಬೇರು ಬಂದ ಮೆಣಸಿನ ಗಿಡಗಳು ಸಾಲಾಗಿ ಕೂತಿದ್ದವು. "ಅವನ್ನು ಯಾಕೆ ನೆಟ್ಟಿಲ್ಲ ಬೋಪಣ್ಣ? ಈ ಮಳೆಗೇ ಆಗಬೇಕಲ್ವಾ?"

"ಆಳು ಸಿಗಲಿಲ್ಲ. ನನ್ನ ಮಂಡಿ ಬಗ್ಗುವುದಿಲ್ಲ."

"ಇದಕ್ಕೆ ಬಗ್ಗುತ್ತೆ?"

ಬೋಪಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೇಷ್ಟ್ರೇ ಮೌನ ಮುರಿದರು. "ಈ ಬಳ್ಳಿ ಕುಂಡದಲ್ಲಿದ್ದರೆ ಎಲೆ ಅಂಗೈಯಷ್ಟೇ. ಕಾಡಿನಲ್ಲಿ ದೊಡ್ಡ ಮರ ಹತ್ತಿದರೆ ಒಂದೊಂದು ಎಲೆ ಎರಡು ಮೂರು ಅಡಿ ಆಗುತ್ತೆ. ಹೂ ಬಿಡಲು ಬೇಕಾದ ಗಿಬ್ಬರೆಲಿನ್ ಅನ್ನೋ ಹಾರ್ಮೋನು ಇದರ ಮೈಯಲ್ಲಿ ಸರಿಯಾಗಿ ತಯಾರಾಗುವುದಿಲ್ಲ. 2016ರಲ್ಲಿ ವಿಜ್ಞಾನಿಗಳು ಹೊರಗಿಂದ ಕೊಟ್ಟು ಹೂ ಬಿಡಿಸಿದರು. ಇಲ್ಲದಿದ್ದರೆ ಬೀಜದ ಮಾತೇ ಇಲ್ಲ. ಇಷ್ಟು ದೇಶ ಸುತ್ತಿದ್ದೆಲ್ಲ ಗಿಣ್ಣು ಮುರಿದು ಕೊಟ್ಟವರ ಕೈಯಿಂದಲೇ."

"ಮಗ ಮೊದಲು ತಿಂಗಳಿಗೊಂದು ಸಲ ಫೋನ್ ಮಾಡುತ್ತಿದ್ದ," ಎಂದ ಬೋಪಣ್ಣ, ಎಲೆ ನೋಡುತ್ತಲೇ. "ಹಬ್ಬ ಬಂದರೆ ಎರಡು. ಈ ಗಿಡ ಕಳಿಸಿದ ಮೇಲೆ ದಿನಾ ಸಂಜೆ ವಿಡಿಯೋ ಕಾಲ್. 'ಗಿಡ ತೋರಿಸಪ್ಪ, ಹೊಸ ಎಲೆ ಬಂತಾ' ಅಂತಾನೆ. ತೋರಿಸುತ್ತೇನೆ. ಆಮೇಲೆ ಊಟ ಆಯ್ತಾ ಅಂತಾನೆ. ತೋಟದ ಮೆಣಸು ಹೇಗಿದೆ ಅಂತ ಒಂದು ದಿನವೂ ಕೇಳಿದವನಲ್ಲ, ಮೊನ್ನೆ ಅದನ್ನೂ ಕೇಳಿದ."

ಮುತ್ತಣ್ಣ ಲೋಟದ ತಳದ ಕಾಫಿ ಕುಡಿದ. ಆರಿಹೋಗಿತ್ತು. ಎದ್ದು ಕುಂಡದ ಹತ್ತಿರ ಬಂದು ಪಾಚಿ ಕಂಬವನ್ನು ಒಮ್ಮೆ ಮುಟ್ಟಿ ನೋಡಿದ. ಒಣಗಿತ್ತು. ಸ್ಪ್ರೇ ಡಬ್ಬ ತಗೊಂಡು ಎರಡು ಸಲ ಹೊಡೆದ.

"ಒಂದು ಗಿಣ್ಣು ಕೊಡುತ್ತೀಯಾ?" ಎಂದ, ಮೆಲ್ಲಗೆ. "ಮಗಳಿಗೆ ತೋರಿಸಲಿಕ್ಕೆ."

"ಕೇಳಿದರೆ ಕೊಡುವ ಹಾಗಿಲ್ಲ," ಎಂದ ಬೋಪಣ್ಣ. ಜೇಬಿನಿಂದ ಚಾಕು ತೆಗೆದು ಜಗಲಿ ಕಟ್ಟೆಯ ಮೇಲಿಟ್ಟ. ಆಮೇಲೆ ಮಳೆ ಕಡೆ ಮುಖ ತಿರುಗಿಸಿ ಕೂತ.